ಎರಡು ನಿಮಿಷದ ಮೈಕು

ಮೇ 13, ಮಂಗಳವಾರ. ಬೆಳಗ್ಗೆ 9

ಸೊಪ್ಪು ಮೂರು ಸಲ ತೊಳೆದೆ, ಇನ್ನೂ ಮರಳು. ಮಂಡಿ ನೋವು ಹಾಗೇ. ಅಷ್ಟರಲ್ಲಿ ಎರ್ನೆಸ್ಟೀನ್ ಅಕ್ಕನ ಫೋನ್. ಹಲೋ ಕೂಡ ಇಲ್ಲ.

"ರೆಕಾರ್ಡಲ್ಲಿ ಬಂದಿದೀಯ ಕಣೇ ವರ್ಲೀನ್. ಜಾಝ್ ರೆಕಾರ್ಡು."

"ಚರ್ಚಲ್ಲೇ ನಾನು ಬರೀ ತುಟಿ ಆಡಿಸೋಳು."

"ಹಾಡಿಲ್ಲ. ಬೈದಿದೀಯ."

ಲವೆಲ್‌ನ ಹೊಸ ಆಲ್ಬಂ ಅಂತೆ. ನಾನು ಅಡುಗೆ ಮಾಡುತ್ತಿದ್ದ ಶಾಲೆಯಲ್ಲಿ ಓದಿದವನು, ಈಗ ಷಿಕಾಗೋದಲ್ಲೆಲ್ಲ ಸ್ಯಾಕ್ಸೋಫೋನ್ ಊದುತ್ತಾನೆ. ಪೊಲೀಸರು, ಬಾಡಿಗೆ, ಮುಚ್ಚಿಹೋದ ಶಾಲೆಗಳು — ಎಲ್ಲ ಇದೆಯಂತೆ ಅದರಲ್ಲಿ. ನನ್ನ ದನಿಯೂ. ನನ್ನನ್ನು ಒಂದು ಮಾತು ಕೇಳಿಲ್ಲ.

ಮೇ 14, ಬುಧವಾರ

ಅಕ್ಕನ ಮನೆಯಲ್ಲಿ ಕೇಳಿದೆ. ಸುಳ್ಳು ಹೇಳಲಾರೆ, ಹುಡುಗ ಚೆನ್ನಾಗಿ ಊದುತ್ತಾನೆ. ಡ್ರಮ್ ಮೆಟ್ಟಿಲು ಹತ್ತಿ ಬಂದ ಹಾಗೆ, ಯಾರೋ ಬಾಗಿಲು ತಟ್ಟಲು ಬರುತ್ತಿದ್ದಾರೆ ಅನ್ನಿಸುತ್ತದೆ. ಮೈ ಜುಮ್ಮೆಂದಿತು.

ಐದನೆಯದು ನನ್ನದು. ಹೆಸರು 'ಎರಡು ನಿಮಿಷ'. ಶಾಲೆ ಮುಚ್ಚುವ ಮುಂಚೆ ಶಾಲಾ ಮಂಡಳಿ ನಡೆಸಿದ ಸಭೆಯ ರೆಕಾರ್ಡಿಂಗು. ಮಾತಾಡುವವರಿಗೆ ತಲಾ ಎರಡು ನಿಮಿಷ, ಆಮೇಲೆ ಮೈಕ್ ಆಫ್. ಹನ್ನೆರಡು ವರ್ಷದ ಹಿಂದಿನ ನನ್ನ ದನಿ — "ಆ ಫೋನ್ ಕೆಳಗಿಡಿ ಸ್ವಾಮಿ, ನಾನು ಮಾತಾಡ್ತಾ ಇದೀನಿ. ಸೋಮವಾರ ಬೆಳಗ್ಗೆ —"

ಟಕ್. ಅಲ್ಲಿಂದ ಸ್ಯಾಕ್ಸೋಫೋನ್. 'ಸೋಮವಾರ, ಸೋಮವಾರ' ಎಂದು ನನ್ನ ಮಾತನ್ನೇ ತಿರುಗಿಸಿ ತಿರುಗಿಸಿ, ಒಂಬತ್ತು ನಿಮಿಷ ಕಿರುಚಾಟ.

ಅಕ್ಕ ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿ. ಅವತ್ತು ಮಂಡಳಿ ಎಲ್ಲಿ ಬಾಯಿ ಮುಚ್ಚಿಸಿತೋ ಇವನೂ ಅಲ್ಲೇ ಮುಚ್ಚಿಸಿದ್ದಾನೆ.

ಮೇ 18, ಭಾನುವಾರ

ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕೂತು ಆಲ್ಬಂ ಕೇಳುವ ಕಾರ್ಯಕ್ರಮ. ಕರಿದ ಮೀನು, ಜೋಳದ ಬ್ರೆಡ್ಡು. ನನ್ನ ದನಿ ನಿಂತ ಕಡೆ ಚಪ್ಪಾಳೆ. ನಿಂತ ಕಡೆ! ಕನ್ನಡಕದ ಒಬ್ಬ ಪದವೀಧರ ಎದ್ದು, ಸೋಮವಾರ ಎಂದರೆ ದುಡಿಯುವವರ ನೊಗ ಎಂದು ವಿವರಿಸಿದ. ಎಲ್ಲರೂ ತಲೆದೂಗಿದರು.

ಎದ್ದೆ. "ಅವತ್ತು ನಾನು ಮುಂದೇನು ಹೇಳೋಳಿದ್ದೆ ಅಂತ ಈ ರೂಮಲ್ಲಿ ಒಬ್ಬರಾದ್ರೂ ಕೇಳಿದೀರಾ?"

ಮುಂದಿನ ಸಾಲಲ್ಲಿ ಕೂತಿದ್ದ ಲವೆಲ್ ಮುಖ ಸಣ್ಣದಾಯಿತು. "ಏನು ಹೇಳೋರಿದ್ರಿ, ಮಿಸ್ ವರ್ಲೀನ್?"

ಬಾಯಿಗೆ ಬಂದೇಬಿಟ್ಟಿತ್ತು. ಅವನ ಮುಖ ನೋಡಿ ನುಂಗಿಕೊಂಡೆ. "ಇನ್ನು ಹನ್ನೆರಡು ವರ್ಷ ಬಿಟ್ಟು ಕೇಳು" ಎಂದು ಕೋಟು ತೆಗೆದುಕೊಂಡು ಬಂದೆ. ಮೀನು ಕೂಡ ತಿನ್ನಲಿಲ್ಲ.

ಮೇ 27, ಮಂಗಳವಾರ

ಒಂಬತ್ತು ದಿನ ಏನೂ ಬರೆದಿಲ್ಲ. ಸಿಟ್ಟು ಬರೆದರೆ ಹಾಳೆ ಸಾಲದು.

ಅವತ್ತು ಸಭೆಗೆ ಒಯ್ದಿದ್ದ ಚೀಟಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಗೇ ಇದೆ. ಹದಿನೇಳು ಹೆಸರು. ಶನಿವಾರ ಭಾನುವಾರ ಮನೆಯಲ್ಲಿ ಊಟ ಸಿಗದೆ, ಸೋಮವಾರ ಹೊಟ್ಟೆ ಬೆನ್ನಿಗಂಟಿಸಿಕೊಂಡು ಬರುತ್ತಿದ್ದ ಮಕ್ಕಳು. ನಿಯಮ ಒಂದು ಮಗುವಿಗೆ ಒಂದು ತಟ್ಟೆ. ನಾನು ಎರಡು ಕೊಡುತ್ತಿದ್ದೆ. ಎಲ್ಲೂ ಬರೆಯುತ್ತಿರಲಿಲ್ಲ.

ಶಾಲೆ ಮುಚ್ಚುವುದಾದರೆ ಮುಚ್ಚಿ, ಈ ಚೀಟಿಯನ್ನು ಮಕ್ಕಳು ಹೋಗುವ ಹೊಸ ಶಾಲೆಯ ಅಡುಗೆಯವರಿಗೆ ತಲುಪಿಸಿ — ಉಳಿದ ಮಾತು ಅಷ್ಟೇ. ಮೈಕ್ ಹೋದ ಮೇಲೂ ಕೈ ಚಾಚಿ ನಿಂತಿದ್ದೆ. ಯಾರೂ ತೆಗೆದುಕೊಳ್ಳಲಿಲ್ಲ. ಆಮೇಲೆ ಹೊಸ ಶಾಲೆಗೇ ಎರಡು ಸಲ ಹೋದೆ, ಗೇಟಿನಿಂದಲೇ ಕಳಿಸಿದರು.

ಒಂಬತ್ತನೆಯ ಹೆಸರು ಲವೆಲ್.

ಊರಿಗೆಲ್ಲ ಕೇಳುವ ಹಾಗೆ ಹೇಗೆ ಹೇಳಲಿ? ಹೇಳದಿದ್ದರೆ, ಸಾಯುವವರೆಗೂ ನಾನು ಸುಮ್ಮನೆ ಕೂಗಾಡಿದ ಹೆಂಗಸು.

ಮೇ 31, ಶನಿವಾರ. ಸಂಜೆ 4

ಅವನೇ ಬಂದ. ಅಡುಗೆಮನೆಯಲ್ಲಿ ಕೂತ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಕೇಳ್ದೆ ಹಾಕಿದ್ದು ತಪ್ಪಾಯ್ತು, ಮಿಸ್ ವರ್ಲೀನ್."

"ಆಯ್ತು. ಅದು ಚಿಕ್ಕ ತಪ್ಪು" ಎಂದು ಚೀಟಿ ಕೊಟ್ಟೆ. ಬೆರಳಿಟ್ಟು ಓದುತ್ತಾ ಬಂದ. ಒಂಬತ್ತರಲ್ಲಿ ಬೆರಳು ನಿಂತಿತು.

"ಸೋಮವಾರ…" ಎಂದ.

"ಹೂಂ. ಸೋಮವಾರ."

"ನನಗೊಬ್ಬನಿಗೇ ಕೊಡ್ತಿದ್ರಿ ಅಂದ್ಕೊಂಡಿದ್ದೆ."

"ಹದಿನೇಳು ಜನಾನೂ ಹಾಗೇ ಅಂದ್ಕೊಂಡಿದ್ರು."

ಚೀಟಿ ಮಡಿಸಿ ಮೇಜಿನ ಮೇಲಿಟ್ಟ. ಆಮೇಲೆ — "ಹೊಸ ಶಾಲೇಲಿ ಮೊದಲ್ನೇ ಸೋಮವಾರ ಇನ್ನೊಂದು ಸಲ ಸಾಲಲ್ಲಿ ನಿಂತೆ. ಬಡಿಸೋ ಆಯಮ್ಮ ಜೋರಾಗಿ, 'ನಿನ್ದು ಆಯ್ತಲ್ಲಪ್ಪ' ಅಂದ್ರು. ಎಲ್ಲರೂ ತಿರುಗಿ ನೋಡಿದ್ರು. ಮತ್ತೆ ನಿಲ್ಲಲಿಲ್ಲ."

ನನಗೆ ಅಳು ಬಂತು. ಹನ್ನೆರಡು ವರ್ಷದ ಸಿಟ್ಟು ಅದು. ಒಂದು ಚೀಟಿ. ಕೈ ಚಾಚಿ ತೆಗೆದುಕೊಂಡಿದ್ದರೆ ಆ ಮಂಡಳಿಯವರ ಗಂಟೇನು ಹೋಗುತ್ತಿತ್ತು?

"ಮುಂದಿನ ಶನಿವಾರ ಪಾರ್ಕಲ್ಲಿ ನುಡಿಸ್ತೀವಿ" ಎಂದ. "ಮೈಕ್ ಹೋಗೋ ಕಡೆ ನಾನು ಊದಲ್ಲ. ನೀವು ಹೇಳಿ. ಬೇರೆಯವರ ಹೆಸರು ಬೇಡ. ನನ್ನದು ಹೇಳಿ."

"ಊರ ಮುಂದೆ ನಾಚಿಕೆ ಆಗಲ್ವಾ ಮಗಾ?"

"ನಾಚ್ಕೋಬೇಕಾದವರು ನಾವಾ?"

ಎರಡು ತಟ್ಟೆ ಬಡಿಸಿದೆ. ಎರಡೂ ಖಾಲಿ ಮಾಡಿದ.

ಜೂನ್ 7, ಶನಿವಾರ. ಮಧ್ಯಾಹ್ನ 2

ನೀಲಿ ಉಡುಪು, ಚರ್ಚಿನ ಹ್ಯಾಟು. ಅಕ್ಕ ಹ್ಯಾಟು ಅತಿಯಾಯ್ತು ಅಂದಳು, ಅನ್ನಲಿ.

ಈಗ ತಾನೇ ಪಾರ್ಕಿನ ಸಂಘಟಕಿಯ ಫೋನ್. ಸಕ್ಕರೆಯಂಥ ದನಿ. "ಮೇಡಂ, ಕಾರ್ಯಕ್ರಮ ಬಿಗಿಯಾಗಿದೆ. ಎರಡು ನಿಮಿಷದಲ್ಲಿ ಮುಗಿಸಿದ್ರೆ ಒಳ್ಳೇದು."

ಎರಡು ನಿಮಿಷ!

ಕೆಳಗೆ ಲವೆಲ್‌ನ ವ್ಯಾನ್ ಹಾರ್ನ್ ಹೊಡೆಯುತ್ತಿದೆ. ಚೀಟಿ ಕೈಯಲ್ಲೇ ಇದೆ. ಇವತ್ತು ಆ ಮೈಕಿಗೆ ಯಾರಾದರೂ ಕೈ ಹಾಕಲಿ, ಆಗ —