ದಪ್ಪ ನಿಬ್ಬಿನ ಗುರುತುಗಳು

ಅಪ್ಪಾಜಿ,

ನೀವಿರುವಲ್ಲಿಗೆ ಯಾವ ತಪಾಲೂ ಹೋಗುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಮಧ್ಯಾಹ್ನದ ಹೊತ್ತು. ಮಗು ತೊಟ್ಟಿಲಲ್ಲಿ ಮಲಗಿದೆ. ನಾನು ಸರಿಯಾಗಿ ನಿದ್ದೆ ಮಾಡಿ ನಾಲ್ಕು ದಿನವಾಯಿತು. ಕಣ್ಣು ಮುಚ್ಚಿದರೆ ಪೊಲೀಸ್ ಠಾಣೆಯ ಜಗಲಿಯಲ್ಲಿ ಮಂಡಿ ಮಡಿಸಿ ಕುಳಿತ ಖಾದರ್ ಕಾಣಿಸುತ್ತಾರೆ. ನಿಮ್ಮ ಶಿಷ್ಯ ಖಾದರ್. ಅವರನ್ನು ಹಿಡಿದು ಕೂಡಿಸಿರುವುದು ಒಂದು ಮೂಕರ್ಜಿಗಾಗಿ. ಆ ಸಹಿಯಿಲ್ಲದ ಅರ್ಜಿಯನ್ನು ಬರೆದವಳು ನಾನು.

ಮಧುಗಿರಿ ಕಚೇರಿಯ ಮುಂದೆ ನೀವು ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದ ದಿನಗಳು ನೆನಪಾಗುತ್ತವೆ. ಇಡೀ ಇಂಗ್ಲಿಷ್ ಅರ್ಜಿಯನ್ನು ಸಣ್ಣ ನಿಬ್ಬಿನಲ್ಲಿ ಒಂದೇ ಒಂದು ಗುರುತೂ ಇಲ್ಲದೆ ಬರೆಯುತ್ತಿದ್ದಿರಿ. ಆಮೇಲೆ ಅದನ್ನು ಬರೆಸಿದವನಿಗೆ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿ, ಅವನು ಹೂಂ ಎಂದ ಮೇಲೆಯೇ ದಪ್ಪ ನಿಬ್ಬು ಕೈಗೆತ್ತಿಕೊಂಡು ಕಾಮಾ, ಸೆಮಿಕೋಲನ್ ಇಡುತ್ತಿದ್ದಿರಿ. "ಅವನಿಗೇ ತಿಳೀದಿರೋ ಮಾತನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ನಾನು ಹೆಂಗೆ ಹೇಳ್ಲಿ?" ಎನ್ನುತ್ತಿದ್ದಿರಿ. ಸಿರಾದಿಂದ ಕೆಲಸ ಕಲಿಯಲು ಬಂದ ಖಾದರ್ ನಗುತ್ತಿದ್ದರು: "ಗುರುಗಳೇ, ಚುಕ್ಕೆಗೂ ಒಂದಿಷ್ಟು ಕೂಲಿ ಇಸ್ಕೊಳ್ಳಿ. ಅರ್ಧ ದೌತಿ ಮಸಿ ಅದಕ್ಕೇ ಖಲಾಸ್ ಆಗ್ತೈತೆ!"

ಒಮ್ಮೆ ಗಾಡಿಯಲ್ಲಿ ಕೊರಟಗೆರೆಗೆ ಹೋಗುತ್ತಿದ್ದೆವು. ನಾನು ಮೈಸೂರಿಗೆ ಕಾಲೇಜಿಗೆ ಹೊರಡುವ ವರ್ಷ. ಸೆಮಿಕೋಲನ್ ಯಾಕೆ ಬೇಕು, ಕಾಮಾ ಸಾಲದೇ ಎಂದು ಕೇಳಿದ್ದೆ. ನೀವು ಎತ್ತಿನ ಕಡೆ ಕೈ ತೋರಿಸಿದಿರಿ. "ಕಾಮಾ ಅಂದ್ರೆ ಹಗ್ಗ ಕೊಂಚ ಎಳೆದಂಗೆ, ಗಾಡಿ ನಿಲ್ಲೋದಿಲ್ಲ. ಸೆಮಿಕೋಲನ್ ಅಂದ್ರೆ ನಿಲ್ಲಿಸಿ ನೀರು ಕುಡಿಸ್ದಂಗೆ, ನೊಗ ಮಾತ್ರ ಇಳಿಸ್ಬಾರ್ದು. ಫುಲ್‌ಸ್ಟಾಪ್ ಬಂದಾಗ ನೊಗ ಇಳಿಸು. ಎರಡು ಪೂರಾ ವಾಕ್ಯಾನ ಬರೀ ಕಾಮಾದಿಂದ ಕಟ್ಟಿದ್ರೆ ದಾರೀಲೇ ಕಳಚ್ಕೊಳ್ತವೆ ಕಣಮ್ಮ." ಪಟ್ಟಿಯ ವಿಷಯವನ್ನೂ ಹೇಳಿದ್ದಿರಿ. ಒಬ್ಬನ ಹೆಸರು, ತಂದೆಯ ಹೆಸರು, ಊರು ಇವುಗಳ ನಡುವೆ ಕಾಮಾ. ಒಬ್ಬ ಮುಗಿದು ಇನ್ನೊಬ್ಬ ಬರುವಲ್ಲಿ ಸೆಮಿಕೋಲನ್. ಇಲ್ಲದಿದ್ದರೆ ಅಪ್ಪ ಯಾರು, ಮಗ ಯಾರು ಎಂದು ಓದುವ ಅಧಿಕಾರಿಗೆ ಹೇಗೆ ತಿಳಿಯಬೇಕು?

ನಾನು ಅಂಥದೊಂದು ಪಟ್ಟಿ ಬರೆಯಬೇಕಾಗಿ ಬಂತು, ಅಪ್ಪಾಜಿ. ಸತ್ತ ಮಕ್ಕಳ ಪಟ್ಟಿ.

ಈ ಸಲದ ಚಳಿಜ್ವರ ಪುರವರದ ಕಡೆಯಿಂದ ಬಂತು. ಸಂತೆಯ ದಿನ ಕಾಂಪೌಂಡರ್ ಒಬ್ಬ ಬಂದು ಸರ್ಕಾರದ ಕ್ವಿನೈನ್ ಪುಡಿ ಹಂಚುತ್ತಿದ್ದ. ಪಕ್ಕದ ಮನೆ ತಿಮ್ಮಕ್ಕ ತನ್ನ ನಾಗನಿಗೆ ಮೂರು ದಿನ ಕೊಟ್ಟಳು. ನಾಲ್ಕನೆಯ ದಿನ ಹುಡುಗ ಹೋದ. ನಮ್ಮ ಕೂಸಿನ ಮೈಯೂ ಬಿಸಿಯಾಗಿತ್ತು. ಪೊಟ್ಟಣ ಬಿಚ್ಚಿ ನಾಲಗೆಗೆ ಹಚ್ಚಿ ನೋಡಿದೆ. ಕ್ವಿನೈನಿನ ಕಹಿಯೇ ಇಲ್ಲ. ಅಕ್ಕಿಹಿಟ್ಟು. ಹೋಗಿ ಕೇಳಿದರೆ ಅವನು ಸಂತೆಯವರೆಲ್ಲ ಕೇಳುವಂತೆ, "ಏನಮ್ಮಾ, ಕಾಲೇಜಲ್ಲಿ ಪುಡಿ ನೆಕ್ಕೋದನ್ನೂ ಕಲಿಸ್ತಾರಾ?" ಎಂದ. ಜನ ನಕ್ಕರು. ಅವನು ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರ ಹೆಂಡತಿಯ ತಮ್ಮ. ನಗದೆ ಏನು ಮಾಡುತ್ತಾರೆ?

ನಿಮ್ಮ ಅಳಿಯ ಅದೇ ಅಮಲ್ದಾರರ ಕೈಕೆಳಗೆ ತಪಾಲು ಗುಮಾಸ್ತರು. ಹಾಗಾಗಿ ಅವರಿಗೂ ಹೇಳದೆ, ತುಮಕೂರಿನ ದೊಡ್ಡ ಡಾಕ್ಟರಿಗೆ ಸಹಿಯಿಲ್ಲದೆ ಇಂಗ್ಲಿಷಿನಲ್ಲಿ ಬರೆದೆ. ಅಕ್ಷರ ಗುರುತು ಸಿಗಬಾರದೆಂದು ಬಿಡಿಬಿಡಿಯಾಗಿ, ಮಕ್ಕಳ ಪಾಠದ ಪುಸ್ತಕದ ಅಚ್ಚಕ್ಷರದ ಹಾಗೆ ಬರೆದೆ. ನಾಗನೂ ಸೇರಿ ಆ ಪುಡಿ ತಿಂದೂ ಸತ್ತ ಮೂರು ಮಕ್ಕಳ ಹೆಸರು, ವಯಸ್ಸು, ಊರು. ಆಮೇಲೆ ತಿಮ್ಮಕ್ಕನನ್ನು ಕೂಡಿಸಿಕೊಂಡು ಓದಿ ಹೇಳಿದೆ. ನಾಗನ ಹೆಸರು ಬಂದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ಹೂಂ ಎಂದಳು. ಆಗ ನನ್ನ ಕೈ ತಾನಾಗಿಯೇ ನಿಮ್ಮ ದಪ್ಪ ನಿಬ್ಬನ್ನು... ಅಕ್ಷರವನ್ನು ಮರೆಮಾಚಬೇಕೆಂದು ಅಷ್ಟು ಜೋಪಾನ ಮಾಡಿದವಳಿಗೆ ಇದು ಹೊಳೆಯಲಿಲ್ಲವಲ್ಲ!

ಅರ್ಜಿ ವಿಚಾರಣೆಗೆಂದು ಅಮಲ್ದಾರರ ಕೈಗೇ ವಾಪಸು ಬಂತು. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಅಕ್ಷರ ತೆಳ್ಳಗೆ, ಗುರುತು ದಪ್ಪ. ಹೀಗೆ ಬರೆಯುವವರು ಯಾರು ಎಂದು ಕೇಳುವುದೇ ಬೇಕಿರಲಿಲ್ಲ. ನೀವು ಹೋದ ಮೇಲೆ ಆ ಮೇಜಿನ ಮುಂದೆ ಕುಳಿತಿರುವವರು ಖಾದರ್ ಒಬ್ಬರೇ. ಯುದ್ಧದ ಕಾಲದಲ್ಲಿ ಸರ್ಕಾರದ ಔಷಧಿಯ ಮೇಲೆ ಸುಳ್ಳು ಹಬ್ಬಿಸಿದ ಎಂದು ಆಪಾದನೆ. ಹೊಡೆದರೋ ಇಲ್ಲವೋ ತಿಳಿಯದು. ನಾನಲ್ಲ ಎಂದದ್ದು ಬಿಟ್ಟರೆ ಖಾದರ್ ಇನ್ನೊಂದು ಮಾತು ಆಡಿಲ್ಲವಂತೆ.

ಬೆಳಿಗ್ಗೆ ಅವರ ಹೆಂಡತಿ ಅಮೀನಾ ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ.

"ಬುತ್ತಿ ಕೊಡಕ್ಕೆ ಹೋಗಿದ್ದೆ. ನಿಮಗೆ ಒಂದು ಮಾತು ಹೇಳು ಅಂದ್ರು."

"ಏನಂತೆ?"

"ಠಾಣೇಲಿ ಆ ಅರ್ಜಿ ತೋರ್ಸಿದ್ರಂತೆ. ಎರಡನೇ ಪ್ಯಾರಾದಾಗೆ ಒಂದು ಕಾಮಾ ಜಾಸ್ತಿ ಆಗೈತಂತೆ. ಗುರುಗಳಿದ್ದಿದ್ರೆ ಬೈತಿದ್ರಂತೆ."

ನಾನು ನಕ್ಕುಬಿಟ್ಟೆ, ಅಪ್ಪಾಜಿ. ನಗುತ್ತಲೇ ಅಳು ಬಂತು. ಅಮೀನಾ ನಗಲಿಲ್ಲ.

"ಗುರುಗಳ ಮಗಳು ಅಂತ ಬಾಯಿ ಮುಚ್ಕಂಡು ಕುಂತವ್ರೆ. ನಂಗೆ ಗುರುಗಳೂ ಇಲ್ಲ, ಕಾಮಾನೂ ಇಲ್ಲ ಅಮ್ಮ. ನಂಗೆ ಗಂಡ ಬೇಕು. ನಾಳೆ ತುಮಕೂರು ಜೈಲಿಗೆ ಸಾಗಿಸ್ತಾರಂತೆ."

ಅವಳು ಹೋದ ಮೇಲೆ ಕುಳಿತು, ಬರೆದದ್ದು ನಾನೇ ಎಂದು ಇನ್ನೊಂದು ಅರ್ಜಿ ಬರೆದು ನನ್ನ ಪೂರ್ತಿ ಹೆಸರು ಹಾಕಿದೆ. ಊಟಕ್ಕೆ ಬಂದ ನಿಮ್ಮ ಅಳಿಯನ ಮುಂದೆ ಅದನ್ನಿಟ್ಟೆ. ಓದಿದರು. ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು.

"ಕೂಸಿಗೆ ಹಾಲು ಯಾರು ಕೊಡ್ತಾರೆ, ನಿನ್ನನ್ನ ಒಳಗೆ ಹಾಕಿದ್ರೆ?"

ನಾನು ತೊಟ್ಟಿಲ ಕಡೆ ನೋಡಿದೆ.

"ತಪಾಲು ತಗೊಳ್ಳೋನು ನಾನೇ ತಾನೇ? ಕೊಡು ಇಲ್ಲಿ," ಎಂದು ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. ಮುಖ ತಿರುಗಿಸಿಕೊಂಡೇ ರುಮಾಲು ಸುತ್ತಿ ಹೊರಟರು. ದಾಖಲು ಮಾಡುತ್ತಾರೋ, ದಾರಿಯಲ್ಲಿ ಹರಿದು ಹಾಕುತ್ತಾರೋ. ಅಂದಿನಿಂದ... ಅಂದಿನಿಂದ ಎಂದು ಬರೆಯುತ್ತಿದ್ದೇನೆ, ನೋಡಿ. ಇನ್ನೂ ಎರಡು ಗಂಟೆಯೂ ಆಗಿಲ್ಲ. ಕಾಂಪೌಂಡರನ ಆಳು ಎದುರುಮನೆಯ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾನೆ. ಯಾರನ್ನು ಕಾಯುತ್ತಿದ್ದಾನೆ? ಮಗು ಒಂದು ಸಲ ಎದ್ದು ಹಾಲು ಕುಡಿದು ಮಲಗಿತು. ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ.

ಇಲ್ಲಿಗೆ ನಿಲ್ಲಿಸಿದ್ದೆ. ಈಗ ದೀಪ ಹಚ್ಚುವ ಹೊತ್ತು. ಅಮೀನಾ ಮತ್ತೆ ಬಂದಿದ್ದಳು, ಓಡುತ್ತಾ, ಈ ಸಲ ಮುಂಬಾಗಿಲಿಗೇ. ಖಾದರ್ ಮನೆಗೆ ಬಂದರಂತೆ. ನನಗೆ ಮೊದಲು ಉಸಿರು ಬಂತು. ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು.

"ನಿಮ್ಮ ಯಜಮಾನ್ರು ತಾನೇ ಬರೆದಿದ್ದು ಅಂತ ಒಪ್ಕಂಡ್ರಂತೆ ಅಮ್ಮ. ಖುದ್ದು ಅಮಲ್ದಾರ್ರ ಮುಂದೆ. ಅವರನ್ನ ಠಾಣೆಗೆ ಕರ್ಕೊಂಡು ಹೋದ್ರು."

ನನ್ನ ಅರ್ಜಿ ಎಲ್ಲಿ ಹೋಯಿತು ಎಂದು ಕೇಳಿದೆ. ಯಾವ ಅರ್ಜಿ ಎಂದಳು. ಅದನ್ನು ಯಾರೂ ನೋಡಿಯೇ ಇಲ್ಲ.

ನೀವು ಕೊನೆಯವರೆಗೂ ನಿಮ್ಮ ಅಳಿಯನನ್ನು ಪುಕ್ಕಲ ಎನ್ನುತ್ತಿದ್ದಿರಿ, ಅಪ್ಪಾಜಿ. ನಿಮಗೆ ತಿಳಿಯದೆ ಹೋದ ಸುದ್ದಿ ಇದು. ಆದರೆ ಕಾಮಾ, ಸೆಮಿಕೋಲನ್ ಎಲ್ಲಿಡಬೇಕೆಂದು ಅವರಿಗೆ ತಿಳಿಯದು. ಕೈಗೆ ಲೇಖನಿ ಕೊಟ್ಟು ಬರೆ ಎಂದರೆ ನಾಲ್ಕು ಸಾಲಿನಲ್ಲಿ ಸುಳ್ಳು ಬಯಲಾಗುತ್ತದೆ, ಆಮೇಲೆ ಇಬ್ಬರನ್ನೂ ಬಿಡುವುದಿಲ್ಲ. ಅದಕ್ಕೆ ಮೊದಲು ನಾನು ಅಲ್ಲಿರಬೇಕು. ಕೂಸಿಗೆ ಕುಲಾವಿ ಕಟ್ಟಿದ್ದೇನೆ. ತಿಮ್ಮಕ್ಕ ಕಂದೀಲು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನಾಗನ ವಿಷಯ ತಾನೇ ಹೇಳುತ್ತಾಳಂತೆ. ಎದುರು ಜಗಲಿಯಲ್ಲಿದ್ದವನು ನಮ್ಮನ್ನು ಕಂಡು ಎದ್ದು ನಿಂತ.

ಠಾಣೆಗೆ ಹೊರಟೆ, ಅಪ್ಪಾಜಿ.

ನಿಮ್ಮ
ಗಿರಿಜೆ