ಹಾಂಬಿಸನ ಕಾರಿಗೆ ಲಂಡನ್ನಿನ ಒಪ್ಪಿಗೆ

ಪಾಮರ್ಸ್ ಗ್ರೀನ್, ಲಂಡನ್
ಭಾನುವಾರ, 18 ಫೆಬ್ರವರಿ 2024

ನನ್ನ ಪ್ರೀತಿಯ ಕ್ರಿಸ್ತಾಲ್ಲಾ,

ನಿನ್ನ ಮಂಡಿ ಹೇಗಿದೆ? ಹೊಸ ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಳ್ಳುತ್ತಿದ್ದೀಯೋ, ಇಲ್ಲ ನೆನಪಾದಾಗ ಕಾಫಿಯ ಜೊತೆ ನುಂಗಿಬಿಡುತ್ತೀಯೋ? ನಿನ್ನ ಅಕ್ಕ ಎವ್ದೋಕಿಯಾ ಈಗಲಾದರೂ ನಿದ್ದೆ ಮಾಡುತ್ತಾಳಾ? ಗಂಡ ಹಾಂಬಿಸ್ ತೀರಿಕೊಂಡು ಇಷ್ಟು ತಿಂಗಳಾದರೂ ಶನಿವಾರ ಬಂದರೆ ಅವನ ಬೂಟಿಗೆ ಪಾಲಿಶ್ ಹಾಕುತ್ತಾಳೆ ಎಂದು ನೀನು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ನಾನು ಚೆನ್ನಾಗಿದ್ದೇನೆ. ಮಗಳು ರೋಡೂಲಾ ವಾರಕ್ಕೊಮ್ಮೆ ಬಂದು ಫ್ರಿಜ್ಜಿನ ತುಂಬ ಹಂದಿಮಾಂಸ ಹಾಕಿದ ಕೆಸುವಿನ ಗೆಡ್ಡೆ ಇಟ್ಟುಹೋಗುತ್ತಾಳೆ. ಗೆಡ್ಡೆಯನ್ನು ಚಾಕುವಿನಲ್ಲಿ ಕೊಯ್ಯಬಾರದು, ಮುರಿಯಬೇಕು ಅಂತ ನೀನು ಬಡಿದುಕೊಂಡರೂ ಅವಳು ಕೊಯ್ಯುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ತಿನ್ನುತ್ತೇನೆ.

ಕಾರಿನ ಸಮಾಚಾರ ಬಂದಿದೆ. ಫೋನಿನಲ್ಲಿ ನಮ್ಮಿಬ್ಬರಿಗೂ ಮಾತ್ರೆ, ಚಳಿ, ಮೊಮ್ಮಕ್ಕಳು ಅನ್ನುವಷ್ಟರಲ್ಲಿ ಹೊತ್ತು ಮುಗಿದುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೇರ ಕೊನೆಯ ಹಾಳೆಗೆ ಹಾರಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ನಡೆದದ್ದನ್ನು ನಡೆದ ಹಾಗೇ ಓದು. ಹಾಂಬಿಸ್ ನಮಗೆಂದು ಬಿಟ್ಟುಹೋದ ಕಾರು ನಮ್ಮ ಮನೆ ಮುಂದೆ ಬಂದು ನಿಂತಾಗ ನೀನು ಸೈಪ್ರಸ್ಸಿನಿಂದ, ಅಥಿಯೆನೂನ ಅಕ್ಕನ ಮನೆಯಿಂದ ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಮೊದ್ಲು ಕಾರು ಓಡಾಡೋ ಹಾಗಾಗ್ಲಿ ಪಾಂಡೆಲಿ, ಬರೋ ವಿಷ್ಯ ಆಮೇಲೆ ನೋಡೋಣ" ಅಂದೆ. ನನಗೆ ಕೋಪ ಬರಲಿಲ್ಲ. ಹಾಂಬಿಸನ ಮಣ್ಣಿಗೆಂದು ಅಲ್ಲಿಗೆ ಹೋಗುವ ಮೊದಲಿನ ವರ್ಷವೆಲ್ಲ ನೀನು ಇಲ್ಲಿ ಕಿಟಕಿಯ ಪಕ್ಕ ಕೂತು ಕಳೆದದ್ದನ್ನು ನಾನು ನೋಡಿದ್ದೇನೆ. ನಮ್ಮ ಹಳೆಯ ಕಾರಿಗೆ ಕಾಲು ಎತ್ತಿಡಲಾಗದೆ ನೀನು ಭಾನುವಾರದ ಪೂಜೆಯನ್ನೇ ಬಿಟ್ಟೆ. ಅಲ್ಲಾದರೆ ಚರ್ಚು ಎವ್ದೋಕಿಯಾಳ ಬಾಗಿಲ ಎದುರಿಗೇ ಇದೆ. ಬರಲು ನಿನಗೊಂದು ಕಾರಣ ಬೇಕಿತ್ತು. ಆ ಕಾರಣ ಈ ಕಾರೇ ಎಂದು ನಾನು ಹಟ ಹಿಡಿದೆ.

ಹಾಂಬಿಸ್ ಕೊನೆಗಾಲದಲ್ಲಿ ಎಂಥ ಕಾರು ಹುಡುಕಿದ್ದಾನೆ ನೋಡು! ಗುಂಡಿ ಒತ್ತಿದರೆ ಮುಂದಿನ ಸೀಟು ತಾನೇ ಹೊರಕ್ಕೆ ತಿರುಗಿ, ರಸ್ತೆಯ ಮಟ್ಟಕ್ಕೆ ಇಳಿದು, ಕೂತವರನ್ನು ಒಳಗೆ ಎಳೆದುಕೊಳ್ಳುತ್ತದೆ. ಜಪಾನಿನವರು ತಮ್ಮ ಮುದುಕರಿಗಾಗಿ ಮಾಡಿದ್ದು. ಅಲ್ಲಿಂದ ಸೈಪ್ರಸ್ಸಿಗೆ, ಸೈಪ್ರಸ್ಸಿನಿಂದ ಇಲ್ಲಿಗೆ ಹಡಗಿನಲ್ಲಿ ಬಂದ ಕಾರಿಗೆ ಲಂಡನ್ನಿನ ಹೊಗೆ ಇಲಾಖೆಯವರು ಮಾತ್ರ ಮುಖ ತಿರುಗಿಸಿದರು. ನಂಬರು ಹಾಕಿ ನೋಡಿದರೆ, ಈ ವಾಹನ ನಿಯಮಕ್ಕೆ ಒಪ್ಪುವುದಿಲ್ಲ, ರಸ್ತೆಗಿಳಿದ ದಿನವೆಲ್ಲ ಸುಂಕ ಕಟ್ಟಿ ಎಂದು ಬಂತು. ಕಾರು ಹೊಗೆ ಉಗುಳುತ್ತದೆ ಎಂದಲ್ಲ. ಹೊಗೆ ಎಷ್ಟು ಎಂದು ಬರೆಯಬೇಕಾದ ಜಾಗ ಅವರ ದಾಖಲೆಯಲ್ಲಿ ಖಾಲಿ ಇದೆಯಂತೆ. ಖಾಲಿ ಇದ್ದರೆ ಅವರ ಪಾಲಿಗೆ ಕೊಳಕು. ರೋಡೂಲಾ, "ಸುಂಕ ಕಟ್ಟಿ ಓಡಿಸು ಅಪ್ಪಾ, ತಲೆನೋವು ಯಾಕೆ?" ಅಂದಳು. ದೇವರ ಮನೆಗೆ ಹೋಗಲೂ ಸುಂಕ ಕಟ್ಟಬೇಕು ಎಂದರೆ ನೀನು ಕಾರು ಹತ್ತುವ ಹೆಂಗಸೇ? ಎರಡನೇ ವಾರಕ್ಕೇ "ಮಂಡಿ ಚೆನ್ನಾಗಿಲ್ಲ, ಮನೇಲೇ ಇರ್ತೀನಿ" ಎಂದು ಶುರು ಮಾಡುತ್ತಿದ್ದೆ.

ಜಪಾನಿನ ಕಾರುಗಳ ಹಿಂದಿನ ಗಾಜಿಗೆ ಹಸಿರು ಚೀಟಿ ಅಂಟಿಸಿರುತ್ತಾರೆ, ನಕ್ಷತ್ರ ಹೆಚ್ಚಿದ್ದಷ್ಟೂ ಹೊಗೆ ಕಡಿಮೆ ಎಂದು ರೋಡೂಲಾ ಎಲ್ಲೋ ಓದಿಕೊಂಡು ಬಂದಳು. ಹೋಗಿ ನೋಡಿದರೆ ನಮ್ಮ ಗಾಜಿನ ಮೇಲೆ ಸಂತ ಕ್ರಿಸ್ಟೋಫರ್ ನಿಂತಿದ್ದಾರೆ! ಹಾಂಬಿಸನ ಬೆನ್ನ ಹಿಂದೆ ಓದಲು ಬಾರದ ಅಕ್ಷರ ಇರಬಾರದು ಎಂದು ನಿನ್ನ ಅಕ್ಕನೇ ಸಂತರ ಚಿತ್ರವನ್ನು ಸರಿಯಾಗಿ ಅದರ ಮೇಲೇ ಅಂಟಿಸಿದ್ದಳು. ಪ್ರಯಾಣಿಕರನ್ನು ಕಾಯುವ ಸಂತರನ್ನು ಬ್ಲೇಡಿನಿಂದ ಕೆರೆಯಲು ನನಗೆ ಕೈ ಬರಲಿಲ್ಲ. ಕಾರಿಗೆ ನೀರು ಪ್ರೋಕ್ಷಿಸಲು ಬಂದಿದ್ದ ಪಾದ್ರಿ ಸವಾಸ್ ಅವರಿಗೆ ಅಳುಕುತ್ತಲೇ ವಿಷಯ ಹೇಳಿದೆ. ಅವರು ನಿಲುವಂಗಿಯ ತೋಳು ಮಡಿಚಿಕೊಂಡು, "ಇಷ್ಟಕ್ಕೆಲ್ಲ ಹೆದರ್ತೀರಲ್ಲ! ಸಂತರು ಇದಕ್ಕಿಂತ ದೊಡ್ಡ ಕಷ್ಟ ನೋಡಿದ್ದಾರೆ. ಬಿಸಿನೀರು ತನ್ನಿ" ಅಂದರು. ಮೂಲೆಯೂ ಹರಿಯದ ಹಾಗೆ ಅವರೇ ಬಿಡಿಸಿ, ಸಂತರನ್ನು ಮುಂದಿನ ಗಾಜಿಗೆ ಕೂರಿಸಿದರು. ಅಡಿಯಲ್ಲಿ ನಾಲ್ಕು ನಕ್ಷತ್ರ! ನಾನು ಬೀದಿಯಲ್ಲೇ ಕುಣಿದೆ, ಪಕ್ಕದ ಮನೆಯವರು ಪರದೆ ಸರಿಸಿ ನೋಡಿದರು.

ಕುಣಿದದ್ದು ಸ್ವಲ್ಪ ಬೇಗವಾಯಿತು. ಚೀಟಿಯ ಫೋಟೋ ಕಳಿಸಿದ್ದಕ್ಕೆ ಇಲಾಖೆಯವರು, ಚೀಟಿ ಸಾಕ್ಷಿಯಾಗುವುದಿಲ್ಲ, ಹೊಗೆಯ ಅಂಕಿಯನ್ನು ತಯಾರಕರೇ ಬರೆದುಕೊಟ್ಟ ಕಾಗದ ಬೇಕು ಎಂದರು. ತಯಾರಕರನ್ನು ಕೇಳಿದರೆ, ಕಾರು ಜಪಾನಿನಲ್ಲಿ ಹಡಗು ಹತ್ತುವಾಗ ಕೊಟ್ಟ ಕಾಗದ ಕಳಿಸಿ, ಯಾವ ಮಾದರಿ ಎಂದು ಅದರಿಂದ ತಿಳಿಯುತ್ತದೆ ಎಂದರು. ಆ ಕಾಗದ ಇರುವುದು ನಿನ್ನ ಅಕ್ಕನ ಮನೆಯಲ್ಲಿ! ಮದುವೆಯಾದ ದಿನದಿಂದ ಅವಳಿಗೂ ನನಗೂ ನಡೆಯುತ್ತಿರುವ ಯುದ್ಧ ನಿನಗೆ ಗೊತ್ತೇ ಇದೆ. ನನಗೆ ಸಿಹಿ ಕಾಫಿ ಇಷ್ಟ ಎಂದು ಚೆನ್ನಾಗಿ ತಿಳಿದೂ ಇವತ್ತಿನವರೆಗೆ ಒಂದು ಚಮಚ ಸಕ್ಕರೆ ಹಾಕಿದವಳಲ್ಲ. ಆದರೂ ಫೋನ್ ಮಾಡಿದೆ. "ಯಾವ ಕಾಗ್ದಾನಯ್ಯಾ? ಅದು ನಿನ್ ತಲೆಗೂದ್ಲ ಥರ, ಒಂದ್ಕಾಲದಲ್ಲಿತ್ತು, ಈಗಿಲ್ಲ" ಎಂದು ಇಟ್ಟೇಬಿಟ್ಟಳು. ಅವತ್ತು ನಾನು ನಿನಗೆ ಸುಮ್ಮನೆ ತಲೆನೋವು ಎಂದು ಹೇಳಿ ಬೇಗ ಫೋನ್ ಇಟ್ಟದ್ದು ಇದಕ್ಕೇ. ಅವಳ ಮೇಲೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ನೀನು ಬರುವುದೇ ಇಲ್ಲವೇನೋ ಎಂಬ ಭಯವಿತ್ತು.

ಮುಂದಿನದು ನಿನಗೆ ಗೊತ್ತಿಲ್ಲ. ಎರಡು ದಿನ ಕಳೆದು, ನೀನು ಸಂಜೆಯ ಪ್ರಾರ್ಥನೆಗೆ ಹೋಗಿದ್ದಾಗ, ಎವ್ದೋಕಿಯಾ ತಾನಾಗಿ ನನಗೆ ಫೋನ್ ಮಾಡಿದಳು. ಅವಳು! ನನಗೆ! ಯಾರಿಗೋ ಏನೋ ಆಯಿತು ಎಂದುಕೊಂಡೆ. "ಕಾಗ್ದ ಸಿಕ್ತು" ಅಂದಳು. ಆಮೇಲೆ ತಾನೇ, "ಸಿಗೋದೇನ್ ಬಂತು, ಬೀರುನಲ್ಲೇ ಇತ್ತು. ಇದು ನಿನ್ ಕೈ ಸೇರಿದ್ರೆ ಅವ್ಳು ಹೊರಟ್ಹೋಗ್ತಾಳೆ ಅಂತ ಗೊತ್ತಿತ್ತು ನಂಗೆ. ಸಂಜೆ ಹೊತ್ತು ಮನೇಲಿ ಇನ್ನೊಂದು ದನಿ ಕೇಳ್ಸತ್ತಲ್ಲ, ಅದ್ಕೆ ಆಸೆಪಟ್ಟೆ. ಆದ್ರೆ ಆ ದನಿ ದಿನಾ ನಿನ್ ಮಾತೇ ಆಡತ್ತೆ ಕಣಯ್ಯಾ! ಪಾಂಡೆಲಿ ಉಂಡ್ನೋ, ಪಾಂಡೆಲಿ ಸ್ವೆಟರ್ ಹಾಕ್ಕೊಂಡ್ನೋ. ಕೇಳಿ ಕೇಳಿ ಸಾಕಾಯ್ತು. ಬೇಕರಿಯವಳ ಕೈಲಿ ಫೋಟೋ ತೆಗ್ಸಿ ಕಳಿಸ್ತೀನಿ, ನಿನ್ನ ಹೆಂಡ್ತೀನ ನೀನೇ ಇಟ್ಕೋ. ನಾನು ಫೋನ್ ಮಾಡಿದ್ದು ಮಾತ್ರ ಅವ್ಳಿಗೆ ಹೇಳ್ಬೇಡ" ಅಂದಳು. ನಾನು ಏನಾದರೂ ತಿರುಗಿಸಿ ಅನ್ನುತ್ತೇನೆ ಎಂದು ಕಾದಳು. ಸ್ವೆಟರ್ ಹಾಕಿಕೊಂಡೇ ಇದ್ದೇನೆ ಎಂದಷ್ಟೇ ಹೇಳಿದೆ.

ಫೋಟೋ ಅವತ್ತೇ ಬಂತು. ತಯಾರಕರು ಅಂಕಿ ಬರೆದುಕೊಟ್ಟರು. ಮೊನ್ನೆ ಶುಕ್ರವಾರ ಇಲಾಖೆಯಿಂದ ಉತ್ತರ ಬಂತು: ಸಾಕ್ಷಿ ಒಪ್ಪಿದ್ದೇವೆ, ಈ ವಾಹನಕ್ಕೆ ಸುಂಕವಿಲ್ಲ. ರೋಡೂಲಾ ಮೂರು ಸಲ ಓದಿಸಿದ ಮೇಲೆ ನಾನು ನಂಬಿದೆ. ಇವತ್ತು ಬೆಳಿಗ್ಗೆ ಕೋಟು ಹಾಕಿಕೊಂಡು ಒಬ್ಬನೇ ಚರ್ಚಿಗೆ ಓಡಿಸಿಕೊಂಡು ಹೋದೆ. ಬಾಗಿಲ ಮುಂದೆ ನಿಲ್ಲಿಸಿ, ಯಾಕೋ ಆ ಗುಂಡಿ ಒತ್ತಿಬಿಟ್ಟೆ. ಸೀಟು ಮೆಲ್ಲಗೆ ತಿರುಗಿ ಎಲ್ಲರೆದುರು ಹೊರಗೆ ಬಂದು ನಿಂತಿತು, ಖಾಲಿ. "ಯಾರನ್ನ ಇಳಿಸ್ತಿದ್ದೀರಿ?" ಎಂದು ಪಾದ್ರಿ ಸವಾಸ್ ಕೇಳಿದರು. ನನಗೆ ಕಣ್ಣು ತುಂಬಿಬಂತು. ಇಷ್ಟು ವರ್ಷದ ಮೇಲೆ ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ನೀನಿಲ್ಲದ ಮನೆಯಲ್ಲಿ ನನಗೆ ಬೇಸರ.

ಬೇಕರಿಯವಳಿಗೆ ನನ್ನ ವಂದನೆ ಹೇಳು, ಹಾಂಬಿಸನ ಸಮಾಧಿಯ ಹತ್ತಿರ ನನ್ನ ಹೆಸರಿನಲ್ಲೂ ಒಂದು ಮೇಣದಬತ್ತಿ ಹಚ್ಚು. ದೇವಮಾತೆ ನಿನ್ನ ಮಂಡಿಗೂ ಮನಸ್ಸಿಗೂ ಬಲ ಕೊಡಲಿ. ಮಾತ್ರೆ ಊಟವಾದ ಮೇಲೆ!

ಸದಾ ನಿನ್ನವನೇ,
ಪಾಂಡೆಲಿಸ್

ಮರೆತ ಮಾತು: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದ್ದೇನೆ. ರೋಡೂಲಾಳ ಹಳೆಯ ಕೋಣೆಯನ್ನು ಖಾಲಿ ಮಾಡಿಸಿ ಬಣ್ಣ ಹೊಡೆಸಿದ್ದೇನೆ, ಹೊಸ ಹಾಸಿಗೆಯೂ ಬಂದಿದೆ. ಟಿಕೆಟ್ ಎರಡು ತೆಗೆಸು. ಎವ್ದೋಕಿಯಾ ಮೊದಲು ನೋಡಿಹೋಗುವ ನೆಂಟಳಾಗಿಯೇ ಬರಲಿ, ಹೆಚ್ಚು ದಿನ ಇರಲು ಬೇಕಾದ ಸರ್ಕಾರಿ ಅನುಮತಿಯ ಓಡಾಟ ನನಗಿರಲಿ. ಒಂದು ಕಾರನ್ನೇ ಒಪ್ಪಿಸಿದವನಿಗೆ ಅವಳೇನು ಮಹಾ! ಹಾಂಬಿಸನ ಬೂಟುಗಳನ್ನೂ ತರಲಿ, ಕೋಣೆಯಲ್ಲಿ ಜಾಗವಿದೆ. ಬರುವುದಿಲ್ಲ ಎಂದು ಜಂಭ ಮಾಡಿದರೆ, ಇದು ತಂಗಿ ಬೇಡಿ ಕೊಡಿಸಿದ ಕರೆಯಲ್ಲ, ಪಾಂಡೆಲಿಸನೇ ಕರೆಯುತ್ತಿದ್ದಾನೆ ಎಂದು ಹೇಳು.