ಎತ್ತಿದ ಹಲಗೆ

ಅಕ್ಟೋಬರ್ ೧೮, ಶುಕ್ರವಾರ, ರಾತ್ರಿ

ಆ ಹಲಗೆಯನ್ನು ನಾನು ಎತ್ತಬಾರದಿತ್ತು.

ಸಂಜೆ ಕೆರೆಯ ನೀರು ಅಕ್ಕನ ಮನೆಯ ಮೆಟ್ಟಿಲು ಮುಟ್ಟಿತ್ತು. ಹಾಸಿಗೆ ಹಿಡಿದ ಅಮ್ಮ ಅಲ್ಲಿದ್ದಾಳೆಂದು ನಾನು ಕಾಯುವ ಕೋಡಿಯಲ್ಲಿ ನೀರು ತಡೆದಿದ್ದ ಹಲಗೆಯೊಂದನ್ನು ಕೊಕ್ಕೆ ಹಾಕಿ ಎತ್ತಿಬಿಟ್ಟೆ. ಆ ನೀರು ನುಗ್ಗುವುದು ಕೆಳಗಿನ ಬೀದಿಗೆ, ತಂಗಿಯ ಮನೆಗೆ. ಅವಳು ಗಟ್ಟಿಗಿತ್ತಿ, ಹೇಗೋ ನಿಭಾಯಿಸುತ್ತಾಳೆ ಅಂದುಕೊಂಡೆ.

ಆಮೇಲೆ ಅಕ್ಕನ ಫೋನು ಬಂತು. "ನಮ್ಮಲ್ಲಿ ನೀರು ಇಳೀತಿದೆ ಕಣೋ. ತಲೆ ಕೆಡಿಸ್ಕೋಬೇಡ, ಅಮ್ಮನ್ನ ಮಧ್ಯಾಹ್ನವೇ ತಂಗಿ ಮನೆಗೆ ಕಳಿಸ್ಬಿಟ್ಟೆ."

ಕೋಡಿಗೆ ಓಡಿದೆ. ಹಲಗೆ ವಾಪಸ್ ಇಳಿಸಲು ಹೋದರೆ ಸೆಳೆತ ಅದನ್ನು ಕೈಯಿಂದ ಕಿತ್ತುಕೊಂಡು ಹೋಯಿತು. ಹರಿಯುವ ನೀರಿಗೆ ಹಲಗೆ ಕೂರುವುದಿಲ್ಲ ಎಂದು ಹೊಸಬರಿಗೆ ಹೇಳಿಕೊಡುವವನೇ ನಾನು. ದಾರಿಯೂ ಮುಳುಗಿದೆ, ಇಲ್ಲಿಂದ ಕದಲುವ ಹಾಗಿಲ್ಲ.

ಎಷ್ಟೋ ಸಲ ಮಾಡಿದ ಮೇಲೆ ತಂಗಿ ಫೋನ್ ಎತ್ತಿದಳು. "ಅಣ್ಣಾ, ಮೊಣಕಾಲುದ್ದ ನೀರು ಬಂದಿದೆ. ಅಮ್ಮನ್ನ ಮೇಜಿನ ಮೇಲೆ ಮಲಗಿಸಿದೀನಿ. ಅಮ್ಮನೇ ನಂಗೆ ಧೈರ್ಯ ಹೇಳ್ತಿದಾಳೆ, ಕೋಡಿ ಹತ್ರ ನನ್ನ ಮಗ ಇದಾನೆ, ಇನ್ನು ನೀರು ಬಿಡಲ್ಲ ಅಂತ."

ನಾನು ಹೂಂ ಅಂದೆ. ಅಷ್ಟೇ ಅಂದೆ.

ಆಮೇಲೆ ಅವಳು ಫೋನ್ ಎತ್ತುತ್ತಿಲ್ಲ. ಕೋಡಿಯ ಸದ್ದು ಇನ್ನೂ ಜೋರಾಗುತ್ತಿದೆ. ಅಮ್ಮಾ, ಆ ಹಲಗೆ ನಾನೇ…